ಪಾಸಿಂಗ್ ಮುಗಿದ ಗಾಡಿ ರಸ್ತೆಗಿಳಿದರೆ ವಿಮೆ ಎಲ್ಲಿಯವರೆಗೆ ಜೊತೆಗಿರುತ್ತದೆ?

ಕಲಬುರಗಿ, ಬೀದರ್, ಯಾದಗಿರಿ ಕಡೆ ಎಫ್‌ಸಿಗೆ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಫಿಟ್ನೆಸ್ ಪ್ರಮಾಣಪತ್ರಕ್ಕೆ, ‘ಪಾಸಿಂಗ್’ ಅಂತಲೇ ಹೆಸರು. ‘ಪಾಸಿಂಗ್ ಮುಗಿದು ಎರಡು ತಿಂಗಳಾಯ್ತು, ಇನ್ಶೂರೆನ್ಸ್ ಚಾಲ್ತಿ ಐತಿ, ತೊಗರಿ ಸುಗ್ಗಿ ಮುಗೀಲಿ ಆಮೇಲೆ ಮಾಡಿಸಿದರಾಯ್ತು’ ಎಂಬ ಮಾತು ದಾಲ್ ಮಿಲ್ಲುಗಳ ಮುಂದೆ ಸಾಲುಗಟ್ಟಿದ ಲಾರಿಗಳ ನಡುವೆ ಸಾಮಾನ್ಯ. ಮಾಲೀಕರು ಇಲ್ಲಿ ಲೆಕ್ಕ ಹಾಕುವುದು ದಂಡವನ್ನು ಮಾತ್ರ. ಸಿಕ್ಕಿಬಿದ್ದರೆ ಕೆಲವು ಸಾವಿರ ಹೋಗುತ್ತದೆ, ಅಷ್ಟೇ ಎಂದುಕೊಳ್ಳುತ್ತಾರೆ. ದೊಡ್ಡ ಹೊಡೆತ ಬೀಳುವುದು ಅಪಘಾತವಾದಾಗ, ಅದೂ ಚಾಲ್ತಿಯಲ್ಲಿದೆ ಎಂದು ನಂಬಿದ ಅದೇ ಇನ್ಶೂರೆನ್ಸ್ ಕಂಪನಿಯ ಕಡೆಯಿಂದ.

ಪಾಸಿಂಗ್ ಇಲ್ಲದಿದ್ದರೆ ಪಾಲಿಸಿ ತಾನಾಗಿ ರದ್ದಾಗುವುದಿಲ್ಲ. ಹಾಗಂತ ಅದು ಮೊದಲಿನ ಹಾಗೆ ಪೂರ್ತಿ ರಕ್ಷಣೆಯನ್ನೂ ಕೊಡುವುದಿಲ್ಲ. ಎಷ್ಟು ಉಳಿಯುತ್ತದೆ, ಎಷ್ಟು ಹೋಗುತ್ತದೆ ಎಂದು ತಿಳಿಯಬೇಕಾದರೆ ಮೊದಲು ಕಾನೂನು ಎಫ್‌ಸಿಯನ್ನು ಏನೆಂದು ನೋಡುತ್ತದೆ ಎಂಬುದು ಗೊತ್ತಿರಬೇಕು.

ಎಫ್‌ಸಿ ಹೋದರೆ ಆರ್‌ಸಿಯೂ ಹೋದಂತೆ

1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಂ ಪ್ರಕಾರ, ಚಾಲ್ತಿ ಎಫ್‌ಸಿ ಇಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನ ಎಂದು ಪರಿಗಣಿಸುವಂತಿಲ್ಲ. ಆರ್‌ಸಿ ಕಾರ್ಡ್ ಜೇಬಿನಲ್ಲಿರುತ್ತದೆ, ಕೆಎ 32 ಅಥವಾ ಕೆಎ 38 ನಂಬರ್ ಪ್ಲೇಟೂ ಇರುತ್ತದೆ. ಆದರೂ ಆ ದಿನದ ಮಟ್ಟಿಗೆ ಕಾನೂನಿನ ಕಣ್ಣಿನಲ್ಲಿ ಅದು ನೋಂದಣಿ ಇಲ್ಲದ ಗಾಡಿ.

84ನೇ ಕಲಂ ಪರ್ಮಿಟ್‌ನ ಷರತ್ತುಗಳನ್ನು ಹೇಳುತ್ತದೆ. ಗಾಡಿಗೆ ಎಲ್ಲ ಹೊತ್ತಿನಲ್ಲೂ ಚಾಲ್ತಿ ಎಫ್‌ಸಿ ಇರಬೇಕು ಎಂಬುದು ಅದರ ಮೊದಲ ಷರತ್ತು. ಹಾಗಾಗಿ ಒಂದು ತಾರೀಖು ತಪ್ಪಿದರೆ ನೋಂದಣಿಗೂ ಪರ್ಮಿಟ್‌ಗೂ ಒಟ್ಟಿಗೇ ಪೆಟ್ಟು. ಕ್ಲೇಮ್ ನಿರಾಕರಿಸುವ ಕಂಪನಿಗಳ ಪತ್ರದಲ್ಲಿ ಬರುವ ವಾದ ಹೆಚ್ಚಾಗಿ ಈ ಎರಡು ಕಲಂಗಳ ಮೇಲೇ ನಿಂತಿರುತ್ತದೆ.

ದಂಡ 192ನೇ ಕಲಂ ಅಡಿ. ಮೊದಲ ಸಲ 2,000ದಿಂದ 5,000 ರೂಪಾಯಿ. ಮತ್ತೆ ಸಿಕ್ಕರೆ 5,000ದಿಂದ 10,000 ರೂಪಾಯಿ ದಂಡ, ಇಲ್ಲವೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. 207ನೇ ಕಲಂ ಅಡಿ ಗಾಡಿಯನ್ನು ತಡೆದು ನಿಲ್ಲಿಸಿಕೊಳ್ಳುವ ಅಧಿಕಾರವೂ ಇದೆ. ಹುಮನಾಬಾದ್ ದಾಟಿ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಜಹೀರಾಬಾದ್ ಕಡೆಗೋ ಸೊಲ್ಲಾಪುರದ ಕಡೆಗೋ ಹೋಗುವ ಗಾಡಿಯನ್ನು ಮೂರು ರಾಜ್ಯಗಳಲ್ಲಿ ಯಾರು ತಡೆದರೂ ನಂಬರ್ ಒತ್ತಿದ ಕೂಡಲೇ ಎಫ್‌ಸಿ ದಿನಾಂಕ ಪರದೆಯ ಮೇಲಿರುತ್ತದೆ. ಕಾಗದ ಮನೆಯಲ್ಲಿದೆ ಎಂಬ ಮಾತು ಈಗ ನಡೆಯುವುದಿಲ್ಲ.

ನಿಮ್ಮ ಗಾಡಿಯ ತಾರೀಖು ಯಾವುದು

ಲಾರಿ, ಟಿಪ್ಪರ್, ಟಂಟಂ, ಆಟೊ, ಬಾಡಿಗೆಗೆ ಓಡುವ ಕ್ರೂಸರ್, ಟ್ಯಾಕ್ಸಿ, ಶಾಲಾ ವಾಹನ ಇವೆಲ್ಲ ಸಾರಿಗೆ ವಾಹನಗಳು. ಹೊಸ ಗಾಡಿಗೆ ಮೊದಲ ಎಫ್‌ಸಿ ಎರಡು ವರ್ಷಕ್ಕೆ. ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡೆರಡು ವರ್ಷಕ್ಕೆ ನವೀಕರಣ, ಆಮೇಲೆ ಪ್ರತಿ ವರ್ಷ. 2019ರ ಜನವರಿಯಲ್ಲಿ ನೋಂದಣಿಯಾದ ಗೂಡ್ಸ್ ಗಾಡಿ 2021, 2023, 2025ರಲ್ಲಿ ಪಾಸಿಂಗ್ ಆಗಿರುತ್ತದೆ. 2027ರಿಂದ ಅದು ವರ್ಷ ವರ್ಷವೂ ಹೋಗಬೇಕು. ಹೆಚ್ಚಿನವರು ತಪ್ಪುವುದು ಇದೇ ತಿರುವಿನಲ್ಲಿ. ಎರಡು ವರ್ಷಕ್ಕೊಮ್ಮೆ ಹೋಗಿ ರೂಢಿಯಾದವರಿಗೆ ಅವಧಿ ಒಂದು ವರ್ಷಕ್ಕೆ ಇಳಿದದ್ದು ನೆನಪಾಗುವುದು ತಡೆದು ನಿಲ್ಲಿಸಿದಾಗಲೇ.

ಸ್ವಂತ ಕಾರು, ಬೈಕ್‌ಗೆ ಬೇರೆ ಲೆಕ್ಕ. ಅವಕ್ಕೆ ಪ್ರತ್ಯೇಕ ಎಫ್‌ಸಿ ಬೇಡ, ಆರ್‌ಸಿಯೇ 15 ವರ್ಷಕ್ಕಿರುತ್ತದೆ. ಅದು ಮುಗಿದ ಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಳ್ಳಿಗಳಲ್ಲಿ ನಿಜವಾದ ಅಪಾಯ ಇರುವುದು ಈ ಹಳೇ ಬೈಕುಗಳಲ್ಲಿ. 2008ರ ಬೈಕಿಗೆ ವರ್ಷಾವರ್ಷ ಥರ್ಡ್ ಪಾರ್ಟಿ ಕಟ್ಟುತ್ತಲೇ ಇರುತ್ತಾರೆ, ಆನ್‌ಲೈನ್‌ನಲ್ಲಿ ಎರಡು ನಿಮಿಷದಲ್ಲಿ ಪಾಲಿಸಿಯೂ ಬರುತ್ತದೆ. ಆದರೆ ಆರ್‌ಸಿ 2023ರಲ್ಲೇ ಸತ್ತಿರುತ್ತದೆ. ಕಂಪನಿ ದುಡ್ಡು ತೆಗೆದುಕೊಂಡು ಪಾಲಿಸಿ ಕೊಟ್ಟಿತು ಎಂದ ಮಾತ್ರಕ್ಕೆ ಆರ್‌ಸಿ, ಎಫ್‌ಸಿ ಇಲ್ಲದಿದ್ದರೂ ಪರವಾಗಿಲ್ಲ ಎಂದು ಒಪ್ಪಿಕೊಂಡಂತಲ್ಲ. ಈ ಒಂದು ಮಾತನ್ನು ಮನೆಯಲ್ಲಿ ಹಳೇ ಗಾಡಿ ಇರುವ ಪ್ರತಿಯೊಬ್ಬರಿಗೂ ಹೇಳಿ.

ತಾರೀಖು ನೋಡಲು ಏಜೆಂಟ್ ಬೇಕಿಲ್ಲ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ, ಫಿಟ್ನೆಸ್, ವಿಮೆ, ಪಿಯುಸಿ (ಹೊಗೆ ತಪಾಸಣೆಯ ಪ್ರಮಾಣಪತ್ರ) ಇವುಗಳ ಅವಧಿ ಕಾಣುತ್ತದೆ. ತೆರಿಗೆ ಮತ್ತು ಪರ್ಮಿಟ್ ದಿನಾಂಕವನ್ನೂ ಸೇರಿಸಿ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನ್ನಿನಲ್ಲಿ ಅಂಟಿಸಿ. ಇವು ಬೇರೆ ಬೇರೆ ತಿಂಗಳಲ್ಲಿ ಮುಗಿಯುತ್ತವೆ. ಒಂದು ಚಾಲ್ತಿ ಇದ್ದರೆ ಎಲ್ಲವೂ ಚಾಲ್ತಿ ಎಂದು ನಂಬುವುದರಿಂದಲೇ ಮುಕ್ಕಾಲು ತೊಂದರೆ.

ವಿಮೆಯಲ್ಲಿ ಎರಡು ಭಾಗ, ಎರಡಕ್ಕೂ ಬೇರೆ ಬೇರೆ ಗತಿ

ನಿಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಆದ ಸಾವು, ಗಾಯ, ನಷ್ಟಕ್ಕೆ ಥರ್ಡ್ ಪಾರ್ಟಿ. 146ನೇ ಕಲಂ ಪ್ರಕಾರ ಇದು ಕಡ್ಡಾಯ. ನಿಮ್ಮ ಗಾಡಿಗೇ ಆದ ಹಾನಿ ಅಥವಾ ಕಳ್ಳತನಕ್ಕೆ ಓನ್ ಡ್ಯಾಮೇಜ್. ಎರಡೂ ಇರುವ ಪಾಲಿಸಿಯನ್ನು ಜನ ‘ಫುಲ್ ಇನ್ಶೂರೆನ್ಸ್’ ಎನ್ನುತ್ತಾರೆ.

ಮೊದಲು ಥರ್ಡ್ ಪಾರ್ಟಿ. ಕಂಪನಿ ಯಾವ ಯಾವ ಕಾರಣ ಹೇಳಿ ಹೊಣೆ ತಪ್ಪಿಸಿಕೊಳ್ಳಬಹುದು ಎಂಬ ಪಟ್ಟಿ ಕಾಯ್ದೆಯಲ್ಲೇ ಇದೆ. ಮೊದಲು ಅದು 149ನೇ ಕಲಂನಲ್ಲಿತ್ತು, 2022ರ ಏಪ್ರಿಲ್‌ನಿಂದ 150ನೇ ಕಲಂನಲ್ಲಿದೆ. ಆ ಪಟ್ಟಿಯಲ್ಲಿ ಎಫ್‌ಸಿ ಎಂಬ ಶಬ್ದ ನೇರವಾಗಿ ಇಲ್ಲ. ಆದ್ದರಿಂದಲೇ ಹೈಕೋರ್ಟುಗಳು ಇದನ್ನು ಒಂದೇ ರೀತಿ ಕಂಡಿಲ್ಲ. ಎಫ್‌ಸಿ ಇಲ್ಲದಿರುವುದು ಮೂಲಭೂತ ಷರತ್ತಿನ ಉಲ್ಲಂಘನೆ, ಕಂಪನಿ ಸಂತ್ರಸ್ತರಿಗೆ ಕೊಟ್ಟು ಮಾಲೀಕರಿಂದ ವಸೂಲಿ ಮಾಡಬಹುದು ಎಂದು ಕೇರಳ ಹೈಕೋರ್ಟಿನ ವಿಸ್ತೃತ ಪೀಠ 2018ರಲ್ಲಿ ಹೇಳಿತು. ಷರತ್ತು ಉಲ್ಲಂಘನೆ ಸಾಬೀತಾದರೂ ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಡಬೇಕು, ಬಳಿಕ ಮಾಲೀಕರಿಂದ ವಸೂಲಿ ಮಾಡಿಕೊಳ್ಳಬಹುದು ಎಂಬುದು ಹಳೆಯ 149ನೇ ಕಲಂ ಕುರಿತು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರಲ್ಲಿ ಕೊಟ್ಟ ತೀರ್ಪು. ಕೋರ್ಟಿನ ಆವರಣದಲ್ಲಿ ಇದಕ್ಕೆ ‘ಪೇ ಅಂಡ್ ರಿಕವರಿ’ ಎನ್ನುತ್ತಾರೆ.

ಸಂತ್ರಸ್ತರ ಪಾಲಿಗೆ ಇದು ನ್ಯಾಯವಾದದ್ದೇ. ಬೈಕಿನಲ್ಲಿ ಹೊರಟವನಿಗೆ ಎದುರು ಬಂದ ಲಾರಿಯ ಪಾಸಿಂಗ್ ತಾರೀಖು ಹೇಗೆ ಗೊತ್ತಿರಬೇಕು? ಮಾಲೀಕರಿಗೆ ಮಾತ್ರ ಅದು ತಡವಾಗಿ ಬಂದು ಬಾಗಿಲು ತಟ್ಟುವ ಸಾಲ. ಒಂದು ಉದಾಹರಣೆ ಲೆಕ್ಕ ಹಾಕೋಣ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ 12 ಲಕ್ಷ ಪರಿಹಾರ ಕೊಡಿಸಿತು, ಅರ್ಜಿ ಹಾಕಿದ ದಿನದಿಂದ ಶೇ 6 ಬಡ್ಡಿ, ಕೇಸು ನಾಲ್ಕು ವರ್ಷ ನಡೆಯಿತು ಎಂದಿಟ್ಟುಕೊಳ್ಳಿ. ಬಡ್ಡಿಯೇ 2.88 ಲಕ್ಷ, ಒಟ್ಟು 14.88 ಲಕ್ಷ. ಕಂಪನಿ ಅದನ್ನು ತುಂಬಿ, ಅದೇ ನ್ಯಾಯಮಂಡಳಿಯಲ್ಲಿ ನಿಮ್ಮ ಮೇಲೆ ವಸೂಲಿ ಅರ್ಜಿ ಹಾಕುತ್ತದೆ. ಹೊಸದಾಗಿ ದಾವೆ ಹೂಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. 174ನೇ ಕಲಂ ಪ್ರಕಾರ ಪರಿಹಾರದ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಲು ಜಿಲ್ಲಾಧಿಕಾರಿಗೆ ಪತ್ರ ಹೋಗಬಹುದು. ಅಂದರೆ ಗಾಡಿಯ ಜೊತೆಗೆ ಹೊಲ, ಮನೆಯೂ ಆ ಲೆಕ್ಕಕ್ಕೆ ಬರುತ್ತವೆ.

ಇನ್ನು ಓನ್ ಡ್ಯಾಮೇಜ್. ಇಲ್ಲಿ ಸಂತ್ರಸ್ತ ಎಂಬ ಮೂರನೆಯವರಿಲ್ಲ, ಇದು ನೀವು ಮತ್ತು ಕಂಪನಿ ಮಾಡಿಕೊಂಡ ಕರಾರು ಮಾತ್ರ. ಹಾಗಾಗಿ ಕಂಪನಿಯ ಹಿಡಿತ ಇನ್ನೂ ಬಿಗಿ. ತಾತ್ಕಾಲಿಕ ನೋಂದಣಿ ಮುಗಿದ ಗಾಡಿಗಳ ಎರಡು ಪ್ರಕರಣಗಳಲ್ಲಿ, 2014ರಲ್ಲಿ ಅಪಘಾತದ ಹಾನಿಗೆ, 2021ರಲ್ಲಿ ಕಳ್ಳತನಕ್ಕೆ, ಸುಪ್ರೀಂ ಕೋರ್ಟ್ ಕಂಪನಿಯ ನಿರಾಕರಣೆಯನ್ನು ಎತ್ತಿಹಿಡಿಯಿತು. ನೋಂದಣಿ ಇಲ್ಲದೆ ರಸ್ತೆಗಿಳಿಸಿದ್ದೇ ಮೂಲಭೂತ ಉಲ್ಲಂಘನೆ ಎಂಬುದು ಅಲ್ಲಿನ ತರ್ಕ. ಆ ಎರಡೂ ಎಫ್‌ಸಿ ಪ್ರಕರಣಗಳಲ್ಲ, ನಿಜ. ಆದರೆ ಎಫ್‌ಸಿ ಇಲ್ಲದ ಸಾರಿಗೆ ವಾಹನ ನೋಂದಣಿಯಾದದ್ದಲ್ಲ ಎಂದು 56ನೇ ಕಲಂ ಹೇಳುವುದರಿಂದ ಕಂಪನಿಗಳು ಅದೇ ತರ್ಕವನ್ನು ಇಲ್ಲಿಗೂ ಎಳೆದು ತರುತ್ತವೆ.

ಮಾಲೀಕರ ಪರವಾಗಿಯೂ ತೀರ್ಪುಗಳಿವೆ. ಷರತ್ತು ತಪ್ಪಿದ್ದಕ್ಕೂ ನಷ್ಟಕ್ಕೂ ಸಂಬಂಧವಿಲ್ಲದಿದ್ದರೆ ಕ್ಲೇಮನ್ನು ಪೂರ್ತಿ ತಳ್ಳಿಹಾಕಬಾರದು, ಶೇ 75ರಷ್ಟು ಕೊಡಬಹುದು ಎಂಬ ದಾರಿಯನ್ನು ಸುಪ್ರೀಂ ಕೋರ್ಟ್ 2008 ಮತ್ತು 2010ರಲ್ಲಿ ತೋರಿಸಿದೆ. ಇದಕ್ಕೆ ‘ನಾನ್ ಸ್ಟ್ಯಾಂಡರ್ಡ್’ ಇತ್ಯರ್ಥ ಎಂದು ಹೆಸರು. ಬ್ರೇಕ್ ಫೇಲಾಗಿ ಉರುಳಿದ ಲಾರಿಗೂ, ಧಾಬಾ ಮುಂದೆ ನಿಂತಿದ್ದಾಗ ಹಿಂದಿನಿಂದ ಬೇರೆ ಗಾಡಿ ಗುದ್ದಿದ ಲಾರಿಗೂ ವ್ಯತ್ಯಾಸ ಇದೆ ತಾನೆ? ಎರಡನೆಯದರಲ್ಲಿ ವಾದಕ್ಕೆ ಜಾಗವಿದೆ. ಆದರೆ ಹಣ ಕೈಗೆ ಬರುವುದು ವರ್ಷಗಳ ಮೇಲೆ, ಅಲ್ಲಿಯವರೆಗೆ ಫೈನಾನ್ಸ್ ಕಂತು ನಿಲ್ಲುವುದಿಲ್ಲ.

ಪಿಯುಸಿ ಬಗ್ಗೆ ಒಂದು ಮಾತು, ಏಕೆಂದರೆ ಜನ ಎರಡನ್ನೂ ಬೆರೆಸುತ್ತಾರೆ. ಪಿಯುಸಿ ಇಲ್ಲ ಎಂಬ ಕಾರಣಕ್ಕೆ ಅಪಘಾತದ ಕ್ಲೇಮ್ ಸಿಗುವುದಿಲ್ಲ ಎಂಬ ಸುದ್ದಿ ದಾರಿ ತಪ್ಪಿಸುವಂಥದ್ದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ದಂಡ ಬೇರೆ ವಿಷಯ, ಅದು 10,000 ರೂಪಾಯಿಯವರೆಗೆ ಹೋಗುತ್ತದೆ. ಎಫ್‌ಸಿಗೆ ಅಂಥ ಸ್ಪಷ್ಟನೆಯ ಆಸರೆ ಇಲ್ಲ.

ಪಾಸಿಂಗ್ ಮಾಡಿಸುವ ಕ್ರಮ

ಮುಗಿಯುವುದಕ್ಕೆ 30ರಿಂದ 45 ದಿನ ಮೊದಲೇ ಶುರು ಮಾಡಿ. ಸ್ವಂತ ವಾಹನದ ಆರ್‌ಸಿ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ. ಅವಧಿ ಮುಗಿಯುವ 60 ದಿನದೊಳಗಷ್ಟೇ ಹಾಕಬಹುದು, ಅದಕ್ಕೂ ಮೊದಲು ಇಲ್ಲ.

1. ವಿಮೆ ಚಾಲ್ತಿ ಇರಲಿ. ವಿಮೆ ಇಲ್ಲದೆ ಪಾಸಿಂಗ್ ಅರ್ಜಿ ಮುಂದೆ ಹೋಗುವುದಿಲ್ಲ. ಎರಡೂ ಮುಗಿದಿದ್ದರೆ ಮೊದಲು ವಿಮೆ, ಆಮೇಲೆ ಪಾಸಿಂಗ್. ಓನ್ ಡ್ಯಾಮೇಜ್ ತಪ್ಪಿಹೋಗಿದ್ದರೆ ಕಂಪನಿಯವರು ಗಾಡಿ ನೋಡಿಯೇ ಹೊಸ ಪಾಲಿಸಿ ಕೊಡುತ್ತಾರೆ. 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ.

2. ಪಿಯುಸಿ ಮಾಡಿಸಿ. ಬಿಎಸ್ 4 ಮತ್ತು ಬಿಎಸ್ 6 (ಹೊಗೆಯ ಮಾನದಂಡ) ಗಾಡಿಗೆ ಒಂದು ವರ್ಷ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳು.

3. ರಸ್ತೆ ತೆರಿಗೆ, ಹಸಿರು ತೆರಿಗೆ, ಬಾಕಿ ಚಲನ್ ತೀರಿಸಿ. ಹೊರರಾಜ್ಯದಲ್ಲಿ ಬಿದ್ದ ಚಲನ್ ಗೊತ್ತಿಲ್ಲದೆ ಉಳಿದು ಕೊನೇ ಗಳಿಗೆಯಲ್ಲಿ ಅರ್ಜಿಯನ್ನು ತಡೆಯುವುದುಂಟು. ಸೊಲ್ಲಾಪುರ, ಲಾತೂರು, ತಾಂಡೂರು ಕಡೆ ಓಡುವ ಗಾಡಿಗಳವರು ಪರಿವಾಹನ್ ಇ-ಚಲನ್ ಪುಟದಲ್ಲಿ ನಂಬರ್ ಹಾಕಿ ನೋಡಿ.

4. ಪರಿವಾಹನ್ ತಾಣದ ವಾಹನ್ ಸೇವೆಯಲ್ಲಿ ಗಾಡಿ ನಂಬರ್, ಚಾಸಿಸ್ ನಂಬರಿನ ಕೊನೆಯ ಐದು ಅಂಕಿ ಹಾಕಿದರೆ ಮೊಬೈಲಿಗೆ ಒಟಿಪಿ ಬರುತ್ತದೆ. ಹಳೇ ಗಾಡಿ ಕೊಂಡವರಿಗೆ ಇಲ್ಲೇ ಮುಗ್ಗರಿಕೆ, ಒಟಿಪಿ ಹಿಂದಿನ ಮಾಲೀಕರ ಫೋನಿಗೆ ಹೋಗುತ್ತದೆ. ಮೊಬೈಲ್ ನಂಬರ್ ಬದಲಿಸುವುದನ್ನು, ಹೆಸರು ವರ್ಗಾವಣೆಯಾಗಿರದಿದ್ದರೆ ಅದನ್ನೂ, ಮೊದಲು ಮುಗಿಸಿ.

5. ಶುಲ್ಕ ಕಟ್ಟಿ ದಿನ ಗೊತ್ತುಪಡಿಸಿಕೊಳ್ಳಿ. ಕಲಬುರಗಿ ಕೆಎ 32, ಯಾದಗಿರಿ ಕೆಎ 33, ಬೀದರ್ ಕೆಎ 38, ಭಾಲ್ಕಿ ಕೆಎ 39. ಗಾಡಿಯನ್ನು ಎಲ್ಲಿಗೆ ತರಬೇಕು ಎಂಬುದನ್ನು ಸ್ಲಿಪ್ಪಿನಲ್ಲಿ ಓದಿಕೊಳ್ಳಿ.

ಶುಲ್ಕ ಗಾಡಿಯ ವಯಸ್ಸಿನ ಮೇಲೆ ಏರುತ್ತದೆ, ಕೇಂದ್ರ ಸರ್ಕಾರ ಅದನ್ನು 2022ರ ಏಪ್ರಿಲ್‌ನಿಂದ ಈಚೆಗೆ ಮತ್ತೆ ಮತ್ತೆ ಏರಿಸಿದೆ. ಹಾಗಾಗಿ ಏಜೆಂಟರ ಬಾಯಿಮಾತು ನಂಬದೆ ವಾಹನ್ ಪುಟ ತೋರಿಸುವ ಮೊತ್ತವನ್ನೇ ನಂಬಿ. ಎಫ್‌ಸಿ ತಡವಾದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ. ಸುಗ್ಗಿಯ ನೆಪದಲ್ಲಿ ನಾಲ್ಕು ತಿಂಗಳು ತಳ್ಳಿದರೆ ಅದೇ 6,000 ರೂಪಾಯಿ. ಸ್ವಂತ ವಾಹನದ ಆರ್‌ಸಿ ನವೀಕರಣ ತಡವಾದರೆ ಬೈಕಿಗೆ ತಿಂಗಳಿಗೆ 300, ಕಾರಿಗೆ 500.

ಬ್ರೇಕ್ ಇನ್‌ಸ್ಪೆಕ್ಟರ್ ನೋಡುವುದೇನು, ಎಲ್ಲಿ ಫೇಲಾಗುತ್ತದೆ

ಮೋಟಾರು ವಾಹನ ನಿರೀಕ್ಷಕರನ್ನು ಜನ ಇಂದಿಗೂ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುತ್ತಾರೆ. ಅವರ ಮುಂದೆ ಹೋಗುವ ಮೊದಲು ಅರ್ಧ ದಿನ ಗ್ಯಾರೇಜಿನಲ್ಲಿ ಕಳೆದರೆ ಎರಡನೇ ಸಲ ಬರುವುದು ತಪ್ಪುತ್ತದೆ.

ಚಾಸಿಸ್ ನಂಬರಿನಿಂದ ಶುರು ಮಾಡಿ. ಎರೆಮಣ್ಣಿನ ಕೆಸರು, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟ್ ಧೂಳು, ಶಹಾಬಾದ್ ಕಲ್ಲಿನ ಪುಡಿ ಎಣ್ಣೆಯ ಜೊತೆ ಸೇರಿ ಗಟ್ಟಿಯಾಗಿ ಅಂಟಿರುತ್ತದೆ. ಡೀಸೆಲ್ ಹಚ್ಚಿ ಬಟ್ಟೆಯಿಂದ ಒರೆಸಿ. ಉಜ್ಜುಕಾಗದದಿಂದ ಕೆರೆಯಬೇಡಿ, ಅಂಕಿ ಸವೆದರೆ ನಂಬರ್ ತಿದ್ದಿದ ಅನುಮಾನ ಬಂದು ದೊಡ್ಡ ತಲೆನೋವಾಗುತ್ತದೆ.

ಸ್ಟೇರಿಂಗ್ ಆಟ 30 ಡಿಗ್ರಿಗಿಂತ ಹೆಚ್ಚಿರಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮ 98 ಹೇಳುತ್ತದೆ. ಮುಂದಿನ ಚಕ್ರ ನೇರ ನಿಲ್ಲಿಸಿ, ಚಕ್ರ ಅಲುಗುವ ಮುಂಚೆ ಸ್ಟೇರಿಂಗ್ ಎಷ್ಟು ತಿರುಗುತ್ತದೆ ನೋಡಿ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂದು ಗಂಟೆಯ ಅಂತರವೇ 30 ಡಿಗ್ರಿ. ಅದಕ್ಕಿಂತ ಹೆಚ್ಚಿದ್ದರೆ ಟೈ ರಾಡ್ ಎಂಡ್, ಕಿಂಗ್ ಪಿನ್, ಸ್ಟೇರಿಂಗ್ ಬಾಕ್ಸ್ ಈ ಮೂರರಲ್ಲಿ ಒಂದು ಸವೆದಿರುತ್ತದೆ.

ಟೈರಿನ ಗಟ್ಟು (ತೋಡಿನ ಆಳ) ನಾಲ್ಕು ಚಕ್ರ ಮತ್ತು ದೊಡ್ಡ ಗಾಡಿಗಳಿಗೆ ಕನಿಷ್ಠ 1.6 ಮಿಲಿಮೀಟರ್, ಎರಡು ಮೂರು ಚಕ್ರದವಕ್ಕೆ 0.8. ತೋಡುಗಳ ಒಳಗೆ ಅಡ್ಡಲಾಗಿ ಇರುವ ಸಣ್ಣ ರಬ್ಬರ್ ದಿಬ್ಬ ಟೈರಿನ ಮೇಲ್ಮೈಗೆ ಸಮವಾಯಿತೆಂದರೆ ಟೈರ್ ಮುಗಿದಂತೆ. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 42–43 ಡಿಗ್ರಿ ಮುಟ್ಟುತ್ತದೆ. ಗಟ್ಟು ಸಾಕಷ್ಟಿದ್ದರೂ ಪಕ್ಕದ ಗೋಡೆ ಬಿರುಕು ಬಿಟ್ಟ ಟೈರನ್ನು ಹೊರೆ ಗಾಡಿಯ ಮುಂದಿನ ಚಕ್ರಕ್ಕೆ ಇಡಬೇಡಿ. ವೈಪರ್ ರಬ್ಬರ್ ಅದೇ ಬಿಸಿಲಿಗೆ ಒಣಗಿ ಸೀಳಿರುತ್ತದೆ. ಬೇಸಿಗೆಯಲ್ಲಿ ಅದನ್ನು ಯಾರೂ ನೋಡುವುದಿಲ್ಲ, ಪಾಸಿಂಗ್‌ನಲ್ಲಿ ಮಾತ್ರ ನೋಡುತ್ತಾರೆ.

ಏರ್ ಬ್ರೇಕ್ ಇರುವ ಗಾಡಿಯಲ್ಲಿ ಗಾಳಿ ಪೂರ್ತಿ ತುಂಬಿಸಿ ಎಂಜಿನ್ ನಿಲ್ಲಿಸಿ, ಪೆಡಲ್ ಒತ್ತಿ ಹಿಡಿದು ಗೇಜ್ ನೋಡಿ. ಮುಳ್ಳು ಬೇಗ ಇಳಿದರೆ ಪೈಪು, ಜಾಯಿಂಟ್ ಅಥವಾ ಬ್ರೇಕ್ ಚೇಂಬರಿನ ರಬ್ಬರ್ ಸೋರುತ್ತಿದೆ. ಸಾಬೂನು ನೀರು ಹಚ್ಚಿದರೆ ಗುಳ್ಳೆ ಬಂದ ಜಾಗವೇ ದೋಷದ ಜಾಗ. ಒಂದು ಕಡೆಗೆ ಎಳೆಯುವ ಬ್ರೇಕಿಗೆ ಕಾರಣ ಹೆಚ್ಚಾಗಿ ಲೈನರಿಗೆ ಎಣ್ಣೆ ತಾಗಿರುವುದು, ಇಲ್ಲವೇ ಎರಡು ಬದಿಯ ಅಡ್ಜಸ್ಟ್‌ಮೆಂಟ್ ಸಮ ಇಲ್ಲದಿರುವುದು. ಎಣ್ಣೆ ತಾಗಿದ ಲೈನರ್ ತೊಳೆದು ಹಾಕುವುದರಿಂದ ಪ್ರಯೋಜನವಿಲ್ಲ. ಹಬ್ ಸೀಲ್ ಬದಲಿಸಿ, ಲೈನರನ್ನು ಎರಡೂ ಬದಿಗೆ ಹೊಸದು ಹಾಕಿಸಿ. ಹ್ಯಾಂಡ್ ಬ್ರೇಕ್ ಮರೆಯಬೇಡಿ.

ಉಳಿದದ್ದು ಸಣ್ಣದು, ಆದರೆ ಹೆಚ್ಚು ಗಾಡಿ ವಾಪಸಾಗುವುದು ಇದರಿಂದಲೇ. ಹೆಡ್‌ಲೈಟು, ಡಿಪ್ಪರ್, ಇಂಡಿಕೇಟರ್, ಬ್ರೇಕ್ ಲೈಟು ಎಲ್ಲ ಉರಿಯಬೇಕು. ರೇಡಿಯಂ ಪಟ್ಟಿ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ. ಅಗ್ಗದ ಅಂಟುಪಟ್ಟಿ ನಡೆಯುವುದಿಲ್ಲ, ಅನುಮೋದನೆ ಪಡೆದದ್ದೇ ಬೇಕು. ಸ್ಪೀಡ್ ಗವರ್ನರ್ ಕಡ್ಡಾಯವಿರುವ ಗಾಡಿಗೆ ಅದರ ಪ್ರಮಾಣಪತ್ರ ಮತ್ತು ಸೀಲ್ ಇರಲಿ. ಹಲವು ಸ್ವರದ ಹಾರ್ನ್ ತೆಗೆಸಿ. ಟಿಪ್ಪರಿಗೆ ಏರಿಸಿದ ಹಲಗೆ, ಕ್ರೂಸರಿಗೆ ಕೂರಿಸಿದ ಹೆಚ್ಚುವರಿ ಸೀಟು ಆರ್‌ಸಿಯಲ್ಲಿ ಬರೆದದ್ದಕ್ಕೆ ತಾಳೆಯಾಗುವುದಿಲ್ಲ, ತೆಗೆದೇ ಹೋಗಿ. ಪಾಸಿಂಗ್ ಮುಗಿಸಿ ಸಂಜೆ ಮತ್ತೆ ಕೂರಿಸುವವರಿದ್ದಾರೆ. ಅಪಘಾತವಾದರೆ ವಿಮೆಗಾಗಿ ಹಾನಿ ನೋಡಲು ಬರುವ ಸರ್ವೇಯರ್ ತೆಗೆಯುವ ಮೊದಲ ಫೋಟೊದಲ್ಲೇ ಅದು ಸಿಗುತ್ತದೆ.

ಫೇಲಾದರೆ ದೋಷಗಳನ್ನು ಬರೆಸಿಕೊಂಡು, ರಿಪೇರಿ ಬಿಲ್ ಸಮೇತ ಮತ್ತೆ ತೋರಿಸಿ. ಬಿಲ್ ಎತ್ತಿಡಿ, ಮುಂದೆ ಅದು ಬೇರೆ ಕೆಲಸಕ್ಕೂ ಬರುತ್ತದೆ.

ಮುಗಿದ ಗಾಡಿಯನ್ನು ಆರ್‌ಟಿಒಗೆ ಒಯ್ಯುವುದು ಹೇಗೆ

56ನೇ ಕಲಂನಲ್ಲಿ ರಿಯಾಯಿತಿ ದಿನ ಎಂಬುದಿಲ್ಲ. ಶುಲ್ಕದ ರಸೀದಿ, ಅಪಾಯಿಂಟ್‌ಮೆಂಟ್ ಸ್ಲಿಪ್ ಇದ್ದರೂ ಅವು ಎಫ್‌ಸಿಗೆ ಸಮವಲ್ಲ. ಎಲ್ಲಕ್ಕಿಂತ ಸುರಕ್ಷಿತ ದಾರಿ ಬೇರೆ ಗಾಡಿಯ ಮೇಲೆ ಹೇರಿಸಿಕೊಂಡು ಹೋಗುವುದು. ದೊಡ್ಡ ಲಾರಿಗೆ ಅದು ಆಗದ ಮಾತು. ಹಾಗಾಗಿ ಗೊತ್ತುಪಡಿಸಿದ ದಿನವೇ, ಹಗಲಿನಲ್ಲಿ, ಹೊರೆ ಮತ್ತು ಪ್ರಯಾಣಿಕರಿಲ್ಲದೆ, ಸರಿಯಾದ ಲೈಸೆನ್ಸ್ ಇರುವ ಚಾಲಕನ ಕೈಯಲ್ಲಿ ನೇರ ಹೋಗಿ ಬನ್ನಿ. ರಸೀದಿ, ಸ್ಲಿಪ್, ವಿಮೆ ಜೊತೆಗಿರಲಿ. ‘ಹೆಂಗೂ ಹೊಂಟೀವಿ, ದಾರಿಯಲ್ಲಿ ಹತ್ತು ಚೀಲ ಇಳಿಸಿದರಾಯ್ತು’ ಎಂದರೆ ಪರೀಕ್ಷೆಗೆ ಹೋಗುತ್ತಿದ್ದೆ ಎಂಬ ನಿಮ್ಮ ಒಂದೇ ಸಮಜಾಯಿಷಿಯೂ ಬಿದ್ದುಹೋಗುತ್ತದೆ.

ಟ್ರ್ಯಾಕ್ಟರ್ ಇರುವವರು ಗಮನಿಸಿ. ಟ್ರೇಲರಿಗೆ ಬೇರೆ ನೋಂದಣಿ, ಬೇರೆ ಪ್ರೀಮಿಯಂ. ಕೃಷಿಗೆಂದು ವಿಮೆ ಮಾಡಿಸಿ ಮರಳು, ಇಟ್ಟಿಗೆ ಬಾಡಿಗೆ ಹೊಡೆದರೆ, ಅಥವಾ ಕಬ್ಬಿನ ಕೂಲಿಯವರನ್ನು ಟ್ರೇಲರಿನಲ್ಲಿ ಕೂರಿಸಿದರೆ, ಕಾಗದಗಳೆಲ್ಲ ಚಾಲ್ತಿ ಇದ್ದರೂ ಕಂಪನಿ ತಕರಾರು ತೆಗೆಯುತ್ತದೆ.

ಎಫ್‌ಸಿ ಇಲ್ಲದಾಗಲೇ ಅಪಘಾತವಾದರೆ

ಗಾಯಾಳುಗಳನ್ನು ಆಸ್ಪತ್ರೆಗೆ ಸೇರಿಸುವುದು ಮೊದಲು. 108 ಅಥವಾ 112ಕ್ಕೆ ಕರೆ ಮಾಡಿ. 134ನೇ ಕಲಂ ಪ್ರಕಾರ ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಎಫ್‌ಸಿ ಇಲ್ಲ ಎಂದು ಹೆದರಿ ಸುಮ್ಮನಿದ್ದರೆ ‘ತಡವಾಗಿ ತಿಳಿಸಿದರು’ ಎಂಬ ಎರಡನೇ ಕಾರಣವನ್ನು ನೀವೇ ಅವರ ಕೈಗೆ ಕೊಟ್ಟಂತೆ.

ಮರುದಿನವೇ ಓಡಿಹೋಗಿ ಪಾಸಿಂಗ್ ಮಾಡಿಸಿ ಮೊದಲೇ ಇತ್ತು ಎಂದು ತೋರಿಸುವ ಯೋಚನೆ ಬೇಡ. ಎಫ್‌ಸಿ ಹಿಂದಿನ ತಾರೀಖಿಗೆ ಅನ್ವಯಿಸುವುದಿಲ್ಲ, ವಾಹನ್ ದಾಖಲೆಯಲ್ಲಿ ಪ್ರತಿ ದಿನಾಂಕ ಉಳಿದಿರುತ್ತದೆ. ಚಾಲಕನನ್ನು ಬದಲಿಸಿ ಹೇಳುವುದು, ಅಪಘಾತದ ದಿನ ತಿದ್ದುವುದು ವಂಚನೆ. ಅದರಿಂದ ಉಳಿದಿದ್ದ ಹಕ್ಕೂ ಹೋಗುತ್ತದೆ.

ನಿಮಗೆ ಬೇಕಾದ ಮುಖ್ಯ ದಾಖಲೆ ಐಎಂವಿ ರಿಪೋರ್ಟ್. ಅಪಘಾತದ ನಂತರ ಮೋಟಾರು ವಾಹನ ನಿರೀಕ್ಷಕರು ಗಾಡಿ ಪರೀಕ್ಷಿಸಿ, ಅಪಘಾತ ಯಾಂತ್ರಿಕ ದೋಷದಿಂದ ಆದದ್ದೋ ಅಲ್ಲವೋ ಎಂದು ಬರೆಯುತ್ತಾರೆ. ಯಾಂತ್ರಿಕ ದೋಷವಿಲ್ಲ ಎಂದಿದ್ದರೆ ಅದರ ನಕಲು ಪಡೆದಿಡಿ. ಸರ್ವಿಸ್ ಬಿಲ್, ಹಿಂದಿನ ಎಫ್‌ಸಿ, ಸ್ಥಳದ ಫೋಟೊ ಜೊತೆಗೆ ಸೇರಿಸಿ. ಎಫ್‌ಸಿ ಇಲ್ಲದಿರುವುದಕ್ಕೂ ಅಪಘಾತಕ್ಕೂ ಸಂಬಂಧವಿಲ್ಲ ಎಂದು ತೋರಿಸುವ ದಾರಿ ಇದೊಂದೇ. ಸರ್ವೇಯರ್ ನೋಡುವವರೆಗೆ ಗಾಡಿ ಬಿಚ್ಚಿಸಬೇಡಿ.

ಕಂಪನಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಫೋನಿನಲ್ಲಿ ‘ಆಗಂಗಿಲ್ರಿ’ ಎಂದದ್ದಕ್ಕೆ ಬೆಲೆಯಿಲ್ಲ. ಕ್ಲೇಮ್ ಹಿಂತೆಗೆದುಕೊಳ್ಳುತ್ತೇನೆ ಎಂಬ ಪತ್ರಕ್ಕೆ ಸಹಿ ಹಾಕಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದು, ಪೂರ್ತಿ ಕೊಡಲಾಗದಿದ್ದರೆ ನಾನ್ ಸ್ಟ್ಯಾಂಡರ್ಡ್ ಆಧಾರದಲ್ಲಿ ಇತ್ಯರ್ಥ ಮಾಡಿ ಎಂದು ಸ್ಪಷ್ಟವಾಗಿ ಕೇಳಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ನಿರಾಕರಣೆಯಾಗಿ ಒಂದು ವರ್ಷದೊಳಗೆ ಹಾಕಬೇಕು. ಇನ್ನೊಂದು ದಾರಿ ಜಿಲ್ಲಾ ಗ್ರಾಹಕರ ಆಯೋಗ, ಅಲ್ಲಿ ಗಡುವು ಎರಡು ವರ್ಷ.

ಥರ್ಡ್ ಪಾರ್ಟಿ ಕೇಸಿನಲ್ಲಿ ಮಾಲೀಕರು ಮಾಡುವ ಅತಿ ದುಬಾರಿ ತಪ್ಪು ಒಂದಿದೆ. ನ್ಯಾಯಮಂಡಳಿಯಿಂದ ನೋಟಿಸ್ ಬಂದಾಗ ‘ಇನ್ಶೂರೆನ್ಸ್‌ನೋರು ನೋಡ್ಕೋತಾರ’ ಎಂದು ಹೋಗದೇ ಇರುವುದು. ಆ ಕೇಸಿನಲ್ಲಿ ಕಂಪನಿಯ ವಕೀಲರು ಕಂಪನಿಯನ್ನು ಉಳಿಸಲು ನಿಂತಿರುತ್ತಾರೆ, ಎಫ್‌ಸಿ ವಿಷಯ ಎತ್ತುವವರು ಅವರೇ. ನೀವು ಗೈರಾದರೆ ಅವರ ಹೇಳಿಕೆಗೆ ಎದುರುತ್ತರ ಕೊಡುವವರು ಯಾರೂ ಇರುವುದಿಲ್ಲ, ವಸೂಲಿ ಆದೇಶ ಸುಲಭವಾಗಿ ಬೀಳುತ್ತದೆ. ಷರತ್ತು ಉಲ್ಲಂಘನೆಯನ್ನು ಸಾಬೀತುಪಡಿಸುವ ಹೊಣೆ ಕಂಪನಿಯದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ಅದರ ಲಾಭ ಸಿಗುವುದು ನಿಮ್ಮ ಪರ ವಕೀಲರು ಹಾಜರಿದ್ದು ಪ್ರಶ್ನೆ ಕೇಳಿದರೆ ಮಾತ್ರ. ಆದೇಶ ವಿರುದ್ಧವಾಗಿ ಬಂದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ, ನಮ್ಮ ಮೂರೂ ಜಿಲ್ಲೆಯವರಿಗೆ ಅದು ಕಲಬುರಗಿ ಪೀಠದಲ್ಲೇ. ಮೇಲ್ಮನವಿ ಸಲ್ಲಿಸುವ ಮಾಲೀಕರು 25,000 ರೂಪಾಯಿ ಅಥವಾ ಪರಿಹಾರದ ಅರ್ಧ, ಇವೆರಡರಲ್ಲಿ ಕಡಿಮೆ ಇರುವುದನ್ನು ಠೇವಣಿ ಇಡಬೇಕು.

ಗಾಡಿ ಬಾಡಿಗೆಗೆ ಹಿಡಿಯುವವರಿಗೆ

ಗಾಣಗಾಪುರಕ್ಕೆ, ಮೈಲಾರ ಜಾತ್ರೆಗೆ, ಮದುವೆ ದಿಬ್ಬಣಕ್ಕೆ ಕ್ರೂಸರ್ ಹಿಡಿಯುವಾಗ ಬಾಡಿಗೆ ಚೌಕಾಸಿಗೆ ಅರ್ಧ ಗಂಟೆ ಹೋಗುತ್ತದೆ. ಅದರಲ್ಲಿ ಒಂದು ನಿಮಿಷ ತೆಗೆದು ಗಾಡಿ ನಂಬರನ್ನು ಎಂ-ಪರಿವಾಹನ್‌ನಲ್ಲಿ ಹಾಕಿ ಫಿಟ್ನೆಸ್ ಮತ್ತು ವಿಮೆಯ ದಿನಾಂಕ ನೋಡಿ. ಬಿಳಿ ಪ್ಲೇಟಿನ ಸ್ವಂತ ಗಾಡಿಯನ್ನು ಬಾಡಿಗೆಗೆ ತಂದಿದ್ದರೆ ಹತ್ತಬೇಡಿ. ಹಾಗೆ ಓಡಿಸುವುದು ಪರ್ಮಿಟ್ ಇಲ್ಲದ ಬಾಡಿಗೆ, ಕಂಪನಿಗೆ 150ನೇ ಕಲಂನ ಪಟ್ಟಿಯಲ್ಲೇ ಸಿಗುವ ಕಾರಣ ಅದು. ಆರ್‌ಸಿಯಲ್ಲಿ ಎಷ್ಟು ಸೀಟಿದೆಯೋ ಅಷ್ಟೇ ಜನ ಕೂತುಕೊಳ್ಳಿ, ಹೊರಡುವ ಮೊದಲು ಸ್ಕ್ರೀನ್‌ಶಾಟ್ ಒಂದನ್ನು ಮನೆಯವರ ಫೋನಿಗೆ ಕಳಿಸಿ.